ಬಿಜಾಪುರದ ‘ನುಜೂಮ್-ಉಲ್-ಉಲೂಮ್’ ಗ್ರಂಥದ ಚಿತ್ರಗಳು: ಸಂಕೇತಾರ್ಥದ ಪ್ರಶ್ನೆ

ಶಾಸ್ತ್ರಗ್ರಂಥಗಳಲ್ಲಿ ಬರುವ ಹಳೆಯ ಚಿತ್ರಗಳನ್ನು ಅರ್ಥೈಸಹೊರಟವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಚಿತ್ರವು ಗ್ರಂಥಕ್ಕೆ ತೊಡಿಸಿದ ಒಡವೆ, ಶಾಸ್ತ್ರಕ್ಕೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ ಎಂದು ಬಗೆದು ಬಣ್ಣ, ರೇಖೆ, ಶೈಲಿಗಳನ್ನಷ್ಟೇ ವರ್ಣಿಸಿ ಮುಗಿಸುವುದು ಮೊದಲನೆಯದು. ಚಿತ್ರದಲ್ಲಿರುವ ಪ್ರತಿಯೊಂದು ವಸ್ತುವೂ ಬೇರೊಂದು ತತ್ತ್ವಕ್ಕೆ ನಿಂತ ಗುರುತು, ಆ ಗುರುತನ್ನು ಒಡೆದರೆ ಒಳಗಿನ ತಿರುಳು ಕೈಗೆ ದೊರೆಯುತ್ತದೆ ಎಂದು ನಂಬಿ ಹೊರಡುವುದು ಎರಡನೆಯದು. ಮೊದಲ ದಾರಿಯಲ್ಲಿ ಶಾಸ್ತ್ರ ಕಳೆದುಹೋಗುತ್ತದೆ. ಎರಡನೆಯದರಲ್ಲಿ ಚಿತ್ರವೇ ಕಳೆದುಹೋಗುತ್ತದೆ. ಇವೆರಡರ ಇತಿಮಿತಿಗಳನ್ನು ತಿಳಿಯುವುದಕ್ಕೆ ಬಿಜಾಪುರದ, ಎಂದರೆ ಇಂದಿನ ವಿಜಯಪುರದ, ಆದಿಲಶಾಹಿ ಆಸ್ಥಾನದಲ್ಲಿ ಸಿದ್ಧವಾದ ‘ನುಜೂಮ್-ಉಲ್-ಉಲೂಮ್’ ಎಂಬ ಗ್ರಂಥಕ್ಕಿಂತ ಉತ್ತಮವಾದ ನಿದರ್ಶನವನ್ನು ನಾವು ಕಾಣೆವು. ಹೆಸರಿನ ಅರ್ಥ ‘ಶಾಸ್ತ್ರಗಳ ನಕ್ಷತ್ರಗಳು’. ಪಾರಸೀ ಭಾಷೆಯ ಈ ಗ್ರಂಥದ ಪ್ರಸಿದ್ಧ ಹಸ್ತಪ್ರತಿಯು ಹಿಜರಿ ೯೭೮, ಅಂದರೆ ಕ್ರಿ. ಶ. ೧೫೭೦ರದು; ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ೮೭೬ ಚಿತ್ರಗಳಿವೆಯೆಂದು ಎಣಿಕೆಯಾಗಿದೆ. ಗ್ರಹ, ರಾಶಿ, ರಾಶಿಯ ಒಂದೊಂದು ಅಂಶ, ಶಕ್ತಿದೇವತೆಗಳು, ಚಕ್ರಗಳು, ಆಯುಧಗಳು, ಪಾತ್ರೆಪರಟಿಗಳು, ಆನೆ ಕುದುರೆಗಳು, ಇವೆಲ್ಲವೂ ಒಂದೇ ಗ್ರಂಥದಲ್ಲಿ ಸೇರಿವೆ.

ಒಂದನೆಯ ಅಲಿ ಆದಿಲಶಾಹನ (೧೫೫೮–೧೫೮೦) ಕಾಲದಲ್ಲಿ ಹುಟ್ಟಿದ ಈ ಪುಸ್ತಕವು ಆತನ ಉತ್ತರಾಧಿಕಾರಿ ಎರಡನೆಯ ಇಬ್ರಾಹಿಮನ ಸಂಗ್ರಹದಲ್ಲಿಯೂ ಇದ್ದಿತು. ಗ್ರಂಥಕರ್ತನು ಯಾರೋ ಹೆಸರಿಲ್ಲದ ಆಸ್ಥಾನಪಂಡಿತನೆಂದು ಬಹುಕಾಲ ಭಾವಿಸಲಾಗಿದ್ದಿತು. ಎಮ್ಮಾ ಫ್ಲಾಟ್ ಅವರು ೨೦೧೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸುಲ್ತಾನ ಅಲಿಯೇ ಇದರ ಕರ್ತೃವೆಂದು ವಾದಿಸಿದ್ದಾರೆ. ಈ ವಾದವನ್ನು ಒಪ್ಪುವುದಾದರೆ ಚಿತ್ರಗಳ ಅರ್ಥವಿಚಾರವೂ ಬದಲಾಗಲೇಬೇಕು. ಆಗ ಅವು ದೊರೆಗೆ ಯಾರೋ ಒಪ್ಪಿಸಿದ ಕಾಣಿಕೆಯ ಅಲಂಕಾರವಾಗಿ ಉಳಿಯುವುದಿಲ್ಲ; ಆಳುವವನೊಬ್ಬನು ತನಗೆ ಬೇಕಾದ ವಿದ್ಯೆಗಳನ್ನು ತಾನೇ ಕಲೆಹಾಕಿ, ಉಪಯೋಗಕ್ಕೆಂದು ಬರೆಯಿಸಿಟ್ಟುಕೊಂಡ ಕೈಪಿಡಿಯ ಅಂಗಗಳಾಗುತ್ತವೆ. ಈ ‘ಉಪಯೋಗ’ ಎಂಬ ಶಬ್ದವನ್ನು ಓದುಗರು ನೆನಪಿನಲ್ಲಿಡಬೇಕೆಂದು ನಮ್ಮ ಕೋರಿಕೆ.

ಮೊದಲು ಶಾಸ್ತ್ರಗ್ರಂಥದಲ್ಲಿ ನಿಜವಾದ ಅನ್ಯಾಪದೇಶಚಿತ್ರವೆಂದರೆ ಹೇಗಿರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಅದಕ್ಕೆ ಯುರೋಪಿನ ಒಂದು ಉದಾಹರಣೆ ಸಾಕು. ಕೆಪ್ಲರನು ೧೬೨೭ರಲ್ಲಿ ಉಲ್ಮ್ ನಗರದಲ್ಲಿ ಅಚ್ಚುಹಾಕಿಸಿದ ‘ರುಡಾಲ್ಫೀನ್ ಕೋಷ್ಟಕಗಳು’ ಎಂಬ ಖಗೋಳಗ್ರಂಥದ ಮುಖಚಿತ್ರದಲ್ಲಿ ಒಂದು ಮಂಟಪವಿದೆ. ಅದರ ಹಿಂಬದಿಯ ಕಂಬಗಳು ತೊಗಟೆ ಕೂಡ ಸವರದ ಮರದ ಬೊಡ್ಡೆಗಳು. ಅಲ್ಲಿ ಬೆರಳು ಚಾಚಿ ಆಕಾಶವನ್ನಳೆಯುವ ಪುರಾತನ ಖಾಲ್ಡಿಯನನೊಬ್ಬನು ನಿಂತಿದ್ದಾನೆ. ಹಿಪಾರ್ಕಸ್ ಮತ್ತು ಟಾಲೆಮಿಯರ ಬಳಿಯ ಕಂಬಗಳು ಇಟ್ಟಿಗೆಯವು. ಕೊಪರ್ನಿಕಸ್ ಮತ್ತು ಟೈಕೊ ಬ್ರಾಹೆಯರ ಬಳಿಯವು ನಯವಾಗಿ ಕಡೆದ ಶಿಲಾಸ್ತಂಭಗಳು. ಮಾಡಿನ ಮೇಲೆ ನಿಂತ ದೇವಿಯರು ಖಗೋಳಕ್ಕೆ ನೆರವಾದ ವಿದ್ಯೆಗಳು. ಅವರಲ್ಲಿ ಒಬ್ಬಳ ಪ್ರಭಾವಳಿಯಲ್ಲಿ ೬೯೩೧೪೭೨ ಎಂಬ ಅಂಕಿಗಳಿವೆ. ಅವು ಎರಡರ ಸ್ವಾಭಾವಿಕ ಲಾಗರಿತಮ್ಮಿನ ದಶಾಂಶಗಳಾದುದರಿಂದ ಆಕೆ ಲಾಗರಿತಮ್ ದೇವಿಯೆಂಬುದು ಬಲ್ಲವರಿಗೆ ಹೊಳೆಯುತ್ತದೆ. ಮೇಲೆ ಹಾರುವ ಚಕ್ರವರ್ತಿಯ ಗರುಡಪಕ್ಷಿಯು ಕೊಕ್ಕಿನಿಂದ ನಾಣ್ಯಗಳನ್ನು ಉದುರಿಸುತ್ತಿದೆ. ಕೆಪ್ಲರನಾದರೋ ಕೆಳಗೆ ಪೀಠದ ಪಟ್ಟಿಕೆಯಲ್ಲಿ ಮೇಣದಬತ್ತಿಯ ಬೆಳಕಿನಲ್ಲಿ ಲೆಕ್ಕಹಾಕುತ್ತ ಕುಳಿತಿದ್ದಾನೆ. ವೇತನಬಾಕಿಯ ಚಿಂತೆಯಲ್ಲಿದ್ದ ಆಸ್ಥಾನಗಣಿತಜ್ಞನ ವಿನೋದವೂ ಇದರಲ್ಲಿ ಇಲ್ಲದಿಲ್ಲ. ರಿಚ್ಚಿಯೋಲಿಯ ೧೬೫೧ರ ಗ್ರಂಥದ ಮುಖಚಿತ್ರದಲ್ಲಿ ದೇವಿಯೊಬ್ಬಳು ಎರಡು ಜಗದ್ವ್ಯವಸ್ಥೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದೂ ಇದೇ ಜಾತಿಯದು.

ಈ ಚಿತ್ರಗಳಿಗೆ ಮೂರು ಲಕ್ಷಣಗಳಿವೆ. ಒಬ್ಬ ವ್ಯಕ್ತಿಯು ಬುದ್ಧಿಪೂರ್ವಕವಾಗಿ ಇವನ್ನು ಕಲ್ಪಿಸಿದ್ದಾನೆ. ಕಂಬಕ್ಕೂ ವಿದ್ಯೆಗೂ ಕಲ್ಪಿತವಾದ ಹೋಲಿಕೆಯಲ್ಲದೆ ಬೇರೆ ಸಂಬಂಧವಿಲ್ಲ. ಅರ್ಥ ತಿಳಿದೊಡನೆ ಚಿತ್ರದ ಕೆಲಸ ಮುಗಿಯಿತು. ಅದಿಲ್ಲದೆಯೂ ಕೋಷ್ಟಕಗಳಿಂದ ಗ್ರಹಗತಿಯನ್ನು ಎಣಿಸಬಹುದು. ನಮ್ಮಲ್ಲಿ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ, ಮೋಹ ಮೊದಲಾದವು ಪಾತ್ರಗಳಾಗಿ ರಂಗಕ್ಕೆ ಬರುವುದೂ ಇದೇ ಬಗೆಯ ಕಲ್ಪನೆ.

ಈಗ ಬಿಜಾಪುರದ ಗ್ರಂಥಕ್ಕೆ ಬರೋಣ. ಅದರಲ್ಲಿ ರಾಶಿಯ ಅಂಶಗಳಿಗೆ ಮನುಷ್ಯರೂಪ ಕೊಟ್ಟು ಬರೆದ ಚಿತ್ರಗಳ ಸಾಲೇ ಇದೆ. ಕೆಪ್ಲರನ ಮಂಟಪವನ್ನು ಬಿಡಿಸಿದಂತೆ ಇವನ್ನೂ ಬಿಡಿಸಬಹುದೆಂದು ತೋರುವುದು ಸಹಜ. ಈ ಮನುಷ್ಯನ ಕೈಯಲ್ಲಿ ಆಯುಧವೇಕೆ, ಈ ಹೆಂಗಸಿನ ಬಳಿ ಆ ಪ್ರಾಣಿಯೇಕೆ ಎಂದು ಕೇಳುತ್ತ ಹೋಗಿ, ಶೌರ್ಯ, ಕಾಮ, ಕಾಲ, ಮೃತ್ಯು ಎಂದು ಉತ್ತರ ಹೇಳಿಕೊಳ್ಳುವುದು ಕಷ್ಟವಲ್ಲ. ಆದರೆ ಇಂಥ ರೂಪಗಳ ವಂಶಾವಳಿಯನ್ನು ಹಿಡಿದು ಹಿಂದೆ ನಡೆದರೆ ಬೇರೆ ಸಂಗತಿ ಗೋಚರವಾಗುತ್ತದೆ.

ರಾಶಿಚಕ್ರದ ಭಾಗಗಳಿಗೆ ರೂಪ ಕೊಡುವ ಪದ್ಧತಿ ಬಹು ಪುರಾತನವಾದುದು. ಒಂದೊಂದು ರಾಶಿಯನ್ನು ಹತ್ತು ಹತ್ತು ಅಂಶಗಳ ಮೂರು ಪಾಲು ಮಾಡಿದರೆ ಮೂವತ್ತಾರು ದ್ರೇಕ್ಕಾಣಗಳಾಗುತ್ತವೆ. ಇವುಗಳ ಮೂಲ ಈಜಿಪ್ಟಿನಲ್ಲಿದೆ; ಗ್ರೀಕ್ ಜ್ಯೋತಿಷದ ಮೂಲಕ ಇವು ಭಾರತಕ್ಕೆ ಬಂದುವು. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದ ಇಪ್ಪತ್ತೇಳನೆಯ ಅಧ್ಯಾಯವನ್ನು ಈ ಮೂವತ್ತಾರು ರೂಪಗಳ ವರ್ಣನೆಗೇ ಮೀಸಲಿಟ್ಟಿದ್ದಾನೆ. ಮೇಷದ ಮೊದಲ ದ್ರೇಕ್ಕಾಣವು ಅವನಲ್ಲಿ ಸೊಂಟಕ್ಕೆ ಬಿಳಿಯ ಬಟ್ಟೆ ಸುತ್ತಿದ, ಕಪ್ಪು ಮೈಯ, ಕೆಂಗಣ್ಣಿನ, ಕೊಡಲಿ ಎತ್ತಿದ ಪುರುಷ. ಒಂಬತ್ತನೆಯ ಶತಮಾನದಲ್ಲಿ ಅರಬ್ಬೀ ಜ್ಯೋತಿಷಿ ಅಬೂ ಮಅಶರನು ತನ್ನ ಮಹಾಪ್ರವೇಶಿಕೆಯಲ್ಲಿ ಪಾರಸೀಕರ, ಭಾರತೀಯರ ಮತ್ತು ಗ್ರೀಕರ ರೂಪಗಳನ್ನು ಬೇರೆಬೇರೆಯಾಗಿ ಪಟ್ಟಿಮಾಡಿದಾಗ ಈ ಕಪ್ಪು ಪುರುಷನೂ ಅಲ್ಲಿ ಸೇರಿದನು. ಅರಬ್ಬಿಯಿಂದ ಲ್ಯಾಟಿನ್ನಿಗೆ ದಾಟಿದ ಮೇಲೆ ಇಟಲಿಯ ಫೆರಾರಾ ನಗರದ ಸ್ಕಿಫನೋಯಾ ಅರಮನೆಯ ಗೋಡೆಯ ಮೇಲೆ ಸುಮಾರು ೧೪೭೦ರಲ್ಲಿ ಇದೇ ಮೂರ್ತಿ ಕಾಣಿಸಿಕೊಂಡಿತು. ಅಲ್ಲಿ ಅವನ ಬಟ್ಟೆ ಹರಿದಿದೆ, ಸೊಂಟಕ್ಕೆ ಹಗ್ಗವಿದೆ, ಕೈಯ ಕೊಡಲಿ ಮಾಯವಾಗಿದೆ. ಆತನು ಯಾರೆಂಬುದು ಶತಮಾನಗಳ ಕಾಲ ಒಗಟಾಗಿದ್ದಿತು. ೧೯೧೨ರಲ್ಲಿ ರೋಮಿನಲ್ಲಿ ನೆರೆದ ಕಲೇತಿಹಾಸಕಾರರ ಸಮ್ಮೇಳನದಲ್ಲಿ ಆಬಿ ವಾರ್‌ಬುರ್ಗ್ ಆ ಒಗಟನ್ನು ಬಿಡಿಸಿ, ಇವನು ವರಾಹಮಿಹಿರನ ಕೊಡಲಿಯ ಪುರುಷನೆಂದು ತೋರಿಸಿದನು.

ಈ ಪ್ರಸಂಗದಿಂದ ನಮಗೆ ದೊರೆಯುವ ಪಾಠ ಚಿಕ್ಕದಲ್ಲ. ಫೆರಾರಾದ ಗೋಡೆಯ ಮುಂದೆ ನಿಂತು ಹರಿದ ಬಟ್ಟೆ ದಾರಿದ್ರ್ಯ, ಹಗ್ಗ ಸಂಸಾರಬಂಧ ಎಂದು ಯಾರಾದರೂ ಅರ್ಥ ಹೇಳಿದ್ದರೆ ಅದು ಕೇಳುವುದಕ್ಕೆ ಸೊಗಸಾಗಿರುತ್ತಿದ್ದಿತು, ಆದರೆ ಪೂರಾ ತಪ್ಪಾಗಿರುತ್ತಿದ್ದಿತು. ಕೊಡಲಿಯೂ ಬಟ್ಟೆಯೂ ಯಾವ ತತ್ತ್ವವನ್ನೂ ಸಾರುವುದಕ್ಕಾಗಿ ಅಲ್ಲಿಗೆ ಬಂದವಲ್ಲ. ಮೇಷದ ಮೊದಲ ಹತ್ತು ಅಂಶಗಳನ್ನು ಮಿಕ್ಕ ಅಂಶಗಳಿಂದ ಬೇರೆಮಾಡಿ ಗುರುತಿಸಲು ಅವು ಆ ಪುರುಷನಿಗೆ ಅಂಟಿಕೊಂಡು ಸಾವಿರ ವರ್ಷ ನಡೆದುಬಂದುವು. ದಾರಿಯಲ್ಲಿ ನಕಲುಗಾರನ ಕಣ್ತಪ್ಪು, ಭಾಷಾಂತರಕಾರನ ಊಹೆ, ಚಿತ್ರಕಾರನ ದೇಶದ ಉಡುಪು ಕೂಡಿಕೊಂಡುವು. ಫೆರಾರಾದ ಚಿತ್ರದಿಂದ ಒಂದು ನೂರು ವರ್ಷಗಳ ತರುವಾಯ ಬಿಜಾಪುರದಲ್ಲಿ ಕುಳಿತು ರಾಶಿಯ ಅಂಶಗಳಿಗೆ ರೂಪ ಬರೆದ ಚಿತ್ರಕಾರರೂ ಇದೇ ದೀರ್ಘ ಪರಂಪರೆಯ ಒಂದು ಕವಲಿನಲ್ಲಿ ನಿಂತಿದ್ದರು. ಸಂಸ್ಕೃತದಿಂದ ನೇರವಾಗಿ ಬಂದ ಕವಲೂ ಅರಬ್ಬೀ ಪಾರಸೀಗಳನ್ನು ಸುತ್ತಿಬಂದ ಕವಲೂ ಅವರ ಊರಿನಲ್ಲಿ ಮತ್ತೆ ಒಂದನ್ನೊಂದು ಸಂಧಿಸಿದುವೆಂಬುದೇ ಬಿಜಾಪುರದ ವಿಶೇಷ. ಕೊಡಲಿಯ ಪುರುಷನು ಹೊರಟ ದೇಶಕ್ಕೇ ಹಿಂದಿರುಗಿದಂತಾಯಿತು.

ಗುರುತಿಗೂ ಅನ್ಯಾಪದೇಶಕ್ಕೂ ಇರುವ ಈ ಭೇದವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಎರೆಭೂಮಿಯ ಹಳ್ಳಿಯಲ್ಲಿ ರೈತನು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾನೆ: ಮಿರಗ, ಆರಿದ್ರ, ಹುಬ್ಬಿ, ಉತ್ತರಿ, ಹಸ್ತ. ಪಂಚಾಂಗದಲ್ಲಿ ಒಂದೊಂದು ಮಳೆಗೂ ಒಂದೊಂದು ವಾಹನವನ್ನು ಹೇಳಿರುತ್ತದೆ: ಕುದುರೆ, ನರಿ, ಕಪ್ಪೆ, ಟಗರು, ನವಿಲು, ಇಲಿ, ಎಮ್ಮೆ, ಕತ್ತೆ, ಆನೆ. ಸೂರ್ಯನು ಮಳೆಯ ನಕ್ಷತ್ರವನ್ನು ಹೊಕ್ಕಾಗ ಅಲ್ಲಿಂದ ಚಂದ್ರನಿರುವ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿ, ಉಳಿದ ಶೇಷದಿಂದ ವಾಹನವನ್ನು ಗೊತ್ತುಮಾಡುವುದು ರೂಢಿ. ಕಪ್ಪೆ, ಎಮ್ಮೆ, ಆನೆ ಬಂದರೆ ಮಳೆ ಹೆಚ್ಚು. ನರಿ, ಟಗರು ಬಂದರೆ ಕಡಿಮೆ. ಯುಗಾದಿಯ ದಿನ ಪಂಚಾಂಗಶ್ರವಣದಲ್ಲಿ ಕುಳಿತವನು ಹಸ್ತದ ಮಳೆಗೆ ನರಿ ಬಂದಿತೆಂದು ಕೇಳಿದಾಗ ಕಪಟದ ಬಗೆಗೆ ಯೋಚಿಸುವುದಿಲ್ಲ. ಹಿಂಗಾರಿ ಜೋಳದ ಬಿತ್ತನೆಯ ಬಗೆಗೆ ಯೋಚಿಸುತ್ತಾನೆ. ಇಲ್ಲಿ ನರಿಯು ಎರಡೆಂಬ ಶೇಷಕ್ಕೆ ಇಟ್ಟ ಹೆಸರು. ಅದರ ಫಲ ನಿಜವೋ ಸುಳ್ಳೋ ಎಂಬ ಚರ್ಚೆ ಬೇರೆ. ಹವಾಮಾನಶಾಸ್ತ್ರದ ಮುಂದೆ ಅದು ನಿಲ್ಲದೆಂಬುದು ಸ್ಪಷ್ಟವೇ ಇದೆ. ಗುರುತು ಹೇಗೆ ಕೆಲಸಮಾಡುತ್ತದೆಂಬುದಷ್ಟೇ ನಮಗೆ ಪ್ರಕೃತ.

ಇಂಥ ಗುರುತುಗಳ ನಡುವೆ ಬೆಳೆದ ನಮ್ಮ ಭಾಗದ ವಿದ್ಯಾರ್ಥಿಯೂ ಹಳೆಯ ಹಸ್ತಪ್ರತಿಯ ಚಿತ್ರವನ್ನು ನೋಡಿದೊಡನೆ ಗೂಢಾರ್ಥವನ್ನು ಹುಡುಕಹೊರಡುವುದೇಕೆ? ಇದಕ್ಕೆ ನಮಗೆ ತೋರುವ ಒಂದು ಕಾರಣ ಬೆಡಗಿನ ವಚನಗಳ ಅಭ್ಯಾಸ. ಬಸವನ ಬಾಗೇವಾಡಿಯ ನೆಲದಲ್ಲಿ ಅಲ್ಲಮನ ಬೆಡಗನ್ನೂ ಅದಕ್ಕೆ ಟೀಕಾಕಾರರು ಬರೆದ ಅರ್ಥವನ್ನೂ ಓದಿ ಬಂದವರಿಗೆ, ಹುಲಿಯೆಂದರೆ ಹುಲಿಯಲ್ಲ, ಕೆರೆಯೆಂದರೆ ಕೆರೆಯಲ್ಲ ಎಂಬುದು ರಕ್ತಗತವಾಗಿರುತ್ತದೆ. ಬೆಡಗಿಗೆ ಅದು ತಕ್ಕುದೇ ಸರಿ, ಏಕೆಂದರೆ ಹೇಳುವವನೇ ಬೇಕೆಂದು ಅರ್ಥವನ್ನು ಮರೆಮಾಡಿರುತ್ತಾನೆ. ಆ ಕೀಲಿಯನ್ನೇ ಜ್ಯೋತಿಷಗ್ರಂಥದ ಬೀಗಕ್ಕೂ ಹಾಕಿದರೆ ಬೀಗ ತೆರೆಯದು. ‘ನುಜೂಮ್’ ಗ್ರಂಥದಲ್ಲಿ ಚಿತ್ರದ ಪಕ್ಕದಲ್ಲಿಯೇ ಬರಹವಿದೆ. ಅರ್ಥವನ್ನು ಮರೆಮಾಡುವುದು ಆ ಬರಹದ ಉದ್ದೇಶವಲ್ಲ. ಯಾವ ಅಂಶದ ಉದಯದಲ್ಲಿ ಏನು ಫಲ, ಯಾವ ಶಕ್ತಿಯನ್ನು ಹೇಗೆ ಆವಾಹಿಸಬೇಕು ಎಂಬುದನ್ನು ಹೇಳುವುದಕ್ಕೇ ಅದು ಹೊರಟಿದೆ.

ಗ್ರಹಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಇಸ್ಲಾಮೀ ದೇಶಗಳ ಲೋಹಪಾತ್ರೆಗಳಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಗ್ರಹಗಳಿಗೆ ನಿಶ್ಚಿತವಾದ ರೂಪಗಳಿದ್ದುವು. ಮಂಗಳನು ಒಂದು ಕೈಯಲ್ಲಿ ಖಡ್ಗವನ್ನೂ ಇನ್ನೊಂದರಲ್ಲಿ ಕಡಿದ ರುಂಡವನ್ನೂ ಹಿಡಿದ ಯೋಧ, ಬುಧನು ಲೇಖಕ, ಶನಿಯು ಕಪ್ಪು ಬಣ್ಣದ ಮುದುಕ, ಎಷ್ಟೋ ಕಡೆ ಹಲವು ತೋಳುಗಳುಳ್ಳವನು. ಶನಿಯನ್ನು ಹಿಂದೂದೇಶದ ಅಧಿಪತಿಯೆಂದು ಎಣಿಸುತ್ತಿದ್ದುದು ಈ ರೂಪಕ್ಕೆ ಕಾರಣವೆಂದು ಹೇಳುವುದುಂಟು. ಹೊರಗಿನವರು ಭಾರತವನ್ನು ಹೇಗೆ ಕಲ್ಪಿಸಿಕೊಂಡಿದ್ದರೆಂಬುದು ಆ ತೋಳುಗಳಲ್ಲಿದೆ; ಶನಿಯ ಸ್ವಭಾವಕ್ಕೂ ಅವುಗಳಿಗೂ ಸಂಬಂಧ ಹುಡುಕುವುದು ವ್ಯರ್ಥ. ಶುಕ್ರನ ವಿಷಯವಂತೂ ಮತ್ತೂ ಕುತೂಹಲಕರ. ಪಾರಸೀಕರ ಜುಹ್ರಾ ವಾದ್ಯ ನುಡಿಸುವ ಹೆಣ್ಣು. ನಮ್ಮ ಶುಕ್ರನಾದರೋ ದಂಡ, ಅಕ್ಷಮಾಲೆ, ಕಮಂಡಲುಗಳನ್ನು ಧರಿಸಿದ ಅಸುರಗುರು, ಪುರುಷ. ಆಕಾಶದಲ್ಲಿ ಚುಕ್ಕಿ ಒಂದೇ. ಎರಡು ಪರಂಪರೆಗಳಲ್ಲಿ ಅದರ ಲಿಂಗವೇ ಬೇರೆ. ಹೀಗಿರುವಲ್ಲಿ ವೀಣೆ ಹಿಡಿದ ಸ್ತ್ರೀಯನ್ನು ಕಂಡು ಕಲೆಯ ಸಂಕೇತವೆಂದೂ ಮುನಿಯನ್ನು ಕಂಡು ಜ್ಞಾನದ ಸಂಕೇತವೆಂದೂ ಬರೆದರೆ, ಒಂದೇ ಗ್ರಹದ ಎರಡು ಪಾಠಾಂತರಗಳನ್ನು ಎರಡು ತತ್ತ್ವಗಳನ್ನಾಗಿ ಮಾಡಿದ ದೋಷಕ್ಕೆ ಗುರಿಯಾಗುತ್ತೇವೆ.

ಈ ಗ್ರಂಥದ ಚಿತ್ರಗಳಲ್ಲಿ ಅತ್ಯಂತ ಚರ್ಚಿತವಾದುವು ‘ರೂಹಾನಿ’ಗಳೆಂಬ ಶಕ್ತಿದೇವತೆಗಳವು. ಅರಬ್ಬಿಯಲ್ಲಿ ರೂಹ್ ಎಂದರೆ ಆತ್ಮ. ಗ್ರಹಶಕ್ತಿಗಳನ್ನು ಉಡುಪು, ಬಣ್ಣ, ಧೂಪ, ಉಂಗುರಗಳ ನಿಯಮದಿಂದ ಒಲಿಸಿಕೊಳ್ಳುವ ವಿಧಾನವನ್ನು ಫಖ್ರುದ್ದೀನ್ ರಾಜಿಯ ಗ್ರಂಥವೊಂದು ವಿವರಿಸಿದ್ದು, ಬಿಜಾಪುರದ ಕೃತಿಗೆ ಅದು ಮುಖ್ಯ ಆಕರಗಳಲ್ಲಿ ಒಂದು. ಆದರೆ ಚಿತ್ರದಲ್ಲಿರುವ ರೂಹಾನಿಯರು ಅರಬ್ಬರಲ್ಲ. ಅವರು ಉದ್ದನೆಯ ತೆಳ್ಳನೆಯ ಮೈಕಟ್ಟಿನ, ತೆಂಕಣ ನಾಡಿನ ರೀತಿಯಲ್ಲಿ ಸೀರೆಯುಟ್ಟ ಹೆಂಗಸರು. ಅವರಲ್ಲಿ ಉಗ್ರರೂಪದವರೂ ಉಂಟು. ಯೋಗಿನಿಯರ ನೆನಪು ಬಾರದೆ ಇರದು.

ಈ ಚಿತ್ರಗಳನ್ನು ಕುರಿತ ವಿಮರ್ಶೆಯ ಇತಿಹಾಸವನ್ನು ನೋಡಿದರೆ ಒಂದು ಬೆಳವಣಿಗೆ ಕಾಣುತ್ತದೆ. ಮಾರ್ಕ್ ಜೆಬ್ರೋವ್ಸ್ಕಿಯವರ ೧೯೮೩ರ ‘ಡೆಕ್ಕನಿ ಪೇಂಟಿಂಗ್’ ಕೃತಿಯು ದಖನಿನ ಚಿತ್ರಕಲೆಗೆ ಸಲ್ಲಬೇಕಾದ ಮನ್ನಣೆಯನ್ನು ಗಳಿಸಿಕೊಟ್ಟ ಮಹತ್ತ್ವದ ಗ್ರಂಥ. ಆದರೆ ಅದರ ದೃಷ್ಟಿ ಮುಖ್ಯವಾಗಿ ಶೈಲಿಯದು. ಡೆಬೊರಾ ಹಟ್ಟನ್ ಅವರು ೨೦೦೬ರಲ್ಲಿ ಬಿಜಾಪುರದ ಕಲೆಯನ್ನು ಆಸ್ಥಾನಜೀವನದೊಡನೆ ಸೇರಿಸಿ ನೋಡಿದರು. ಡೆಬ್ರಾ ಡೈಮಂಡ್ ಅವರು ಬಿಜಾಪುರದ ಯೋಗಿನಿಯರನ್ನೂ ಗೂಢವಿದ್ಯೆಯನ್ನೂ ಕುರಿತ ಪ್ರಬಂಧದಲ್ಲಿ, ೧೬೦೦ರ ಸುಮಾರಿಗೆ ರಚಿತವಾದ ಪ್ರಸಿದ್ಧ ಯೋಗಿನೀ ಚಿತ್ರಗಳನ್ನು ಈ ರೂಹಾನಿಯರ ಹಿನ್ನೆಲೆಯಲ್ಲಿಟ್ಟು ಓದಿದರು. ಗೊರವಂಕವನ್ನು ಹಿಡಿದು ನಿಂತ ಆ ಯೋಗಿನಿಯನ್ನು ಹಿಂದಿನವರು ಸ್ವಪ್ನಸದೃಶ, ಕಾವ್ಯಮಯ ಎಂದು ಹೊಗಳಿ ಸುಮ್ಮನಾಗುತ್ತಿದ್ದರು. ಡೈಮಂಡ್ ಅವರ ಓದಿನಿಂದ ಆಕೆಗೆ ಒಂದು ಕುಲ, ಒಂದು ಕೆಲಸ ದೊರೆಯಿತು. ಈ ದಿಕ್ಕು ಸರಿಯಾದುದೆಂದು ನಮ್ಮ ಅಭಿಪ್ರಾಯ. ನಾವು ಸೇರಿಸಬೇಕೆಂದಿರುವುದು ಒಂದು ಮಾತನ್ನು ಮಾತ್ರ. ಈ ಬಗೆಯ ಚಿತ್ರಕ್ಕೆ ಹೊರಗಿನ ವಿದ್ವಾಂಸರು ಹೊಸ ಹೆಸರನ್ನು ಹುಡುಕಬೇಕಾಗಿರಬಹುದು. ನಮ್ಮ ಪರಂಪರೆಯಲ್ಲಿ ಅದಕ್ಕೆ ಸಿದ್ಧವಾದ ಹೆಸರಿದೆ. ಅದು ಧ್ಯಾನ.

ಧ್ಯಾನಶ್ಲೋಕವು ದೇವತೆಯ ಬಣ್ಣ, ಮುಖ, ಕೈಗಳ ಸಂಖ್ಯೆ, ಆಯುಧ, ವಾಹನಗಳನ್ನು ಎಣಿಸಿ ಹೇಳುತ್ತದೆ. ಉಪಾಸಕನು ಅದರಂತೆ ಮನಸ್ಸಿನಲ್ಲಿ ರೂಪವನ್ನು ಕಟ್ಟಿಕೊಳ್ಳುತ್ತಾನೆ. ಚಿತ್ರಕಾರನು ಬರೆಯುವುದು ಆ ಮಾನಸರೂಪದ ನಕಲು. ಇದಕ್ಕೆ ಕರ್ನಾಟಕದಲ್ಲಿಯೇ ದೊರೆಯುವ ದೊಡ್ಡ ನಿದರ್ಶನ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಲ್ಲಿ ಅಲ್ಲಿ ಶ್ಲೋಕಕ್ಕೆ ತಕ್ಕ ಚಿತ್ರವಿದೆ. ಗ್ರಹನಿಧಿಯ ಶನಿಗೆ ಇಷ್ಟೇ ಕೈ, ಇಂಥದೇ ವಾಹನ ಏಕೆಂದರೆ ಶ್ಲೋಕವು ಹಾಗೆ ಹೇಳಿದುದರಿಂದ. ಕೌತುಕನಿಧಿಯ ೧೨೨ ಯೋಗಾಸನಗಳ ಚಿತ್ರಗಳನ್ನು ಎನ್. ಇ. ಸ್ಯೋಮನ್ ಅವರು ೧೯೯೬ರಲ್ಲಿ ಬೆಳಕಿಗೆ ತಂದಾಗ, ಅವನ್ನು ಯಾರೂ ಅನ್ಯಾಪದೇಶವೆಂದು ಓದಲಿಲ್ಲ. ಮಾಡಿ ನೋಡಬೇಕಾದ ಕ್ರಿಯೆಗಳೆಂದೇ ತಿಳಿದರು. ಆಸನದ ಚಿತ್ರಕ್ಕೆ ತೋರಿದ ಈ ವಿವೇಕವನ್ನು ದೇವತೆಯ ಚಿತ್ರಕ್ಕೂ ತೋರಬೇಕಾಗಿದೆ. ಎರಡೂ ಮಾಡಿ ನೋಡಬೇಕಾದುವೇ. ರೂಹಾನಿಯ ಕೈಯ ಆಯುಧ ಬದಲಾದರೆ ಕೆಪ್ಲರನ ಮಂಟಪದ ಕಂಬ ಬದಲಾದಂತೆ ಅರ್ಥ ಮಸುಕಾಗುವುದಿಲ್ಲ. ಬೇರೊಂದು ಶಕ್ತಿಯೇ ಬಂದಂತಾಗುತ್ತದೆ, ಅಥವಾ ಯಾವುದೂ ಬಾರದು. ಆ ವಿದ್ಯೆಯನ್ನು ನಂಬಿದವರ ದೃಷ್ಟಿಯಲ್ಲಿ ಇದು ಪ್ರಾಣದ ಪ್ರಶ್ನೆಯಾಗಿದ್ದಿತು. ಮಧ್ಯಯುಗದ ದೊರೆಗೆ ಗ್ರಹಬಲವೆಂದರೆ ಯುದ್ಧಬಲವೇ ಆಗಿದ್ದಿತೆಂಬುದನ್ನು ಮರೆಯಬಾರದು. ಸ್ವರಶಾಸ್ತ್ರದ ಯುದ್ಧಚಕ್ರಗಳನ್ನು ವಿವರಿಸುವ ‘ನರಪತಿಜಯಚರ್ಯಾ’ ಎಂಬ ಹನ್ನೆರಡನೆಯ ಶತಮಾನದ ಕೃತಿಯ ಹೆಸರೇ ಅದನ್ನು ಹೇಳುತ್ತದೆ.

ಹಾಗಾದರೆ ‘ನುಜೂಮ್’ ಗ್ರಂಥದಲ್ಲಿ ನಿಜವಾದ ರೂಪಕಚಿತ್ರವೇ ಇಲ್ಲವೆ? ಒಂದಾದರೂ ಇದೆಯೆಂದು ನಮಗೆ ತೋರುತ್ತದೆ. ಅದು ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತವಾದ ‘ಐಶ್ವರ್ಯದ ಸಿಂಹಾಸನ’. ಏಳು ಅಂತಸ್ತುಗಳ ಈ ಪೀಠದ ಒಂದೊಂದು ಮಜಲಿನಲ್ಲಿ ಆನೆ, ಹುಲಿ, ತಾಳೆಮರ, ನವಿಲು, ಕಾಡುಜನರ ಸಾಲುಗಳಿವೆ. ಮೇಲ್ಭಾಗದ ನೀಲಿಯ ಹಿನ್ನೆಲೆಯಲ್ಲಿ ಬಳ್ಳಿಯ ವಿನ್ಯಾಸವು ತುಂಬಿಕೊಂಡಿದೆ. ಕಲಾವಿಮರ್ಶಕರು ಇದರ ಕಟ್ಟಡದಲ್ಲಿ ಗುಜರಾತಿನ ಮರದ ಕೆತ್ತನೆಯನ್ನೂ ದಖನಿನ ದೇವಾಲಯಗಳನ್ನೂ, ಬಣ್ಣದಲ್ಲಿ ಪಾರಸೀ ವೈಭವವನ್ನೂ ಕಂಡಿದ್ದಾರೆ. ಕಾಡು, ಮೃಗ, ಜನ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಆಳುವವನ ಪೀಠವನ್ನು ಹೊತ್ತಿವೆಯೆಂಬ ಭಾವವು ಇಲ್ಲಿ ಬುದ್ಧಿಪೂರ್ವಕವಾದುದು. ಏಳು ಎಂದೊಡನೆ ಏಳು ಆಕಾಶಗಳು, ಏಳು ಗ್ರಹಗಳು ಎಂದು ಹೇಳುವ ಆಸೆಯಾಗುತ್ತದೆ. ಗ್ರಂಥವು ಜ್ಯೋತಿಷದ್ದಾದುದರಿಂದ ಈ ಅರ್ಥವನ್ನು ತಳ್ಳಿಹಾಕಲಾಗದು. ಆದರೆ ಮಜಲಿಗೊಂದು ಗ್ರಹವನ್ನು ಹಂಚುತ್ತ ನವಿಲು ಶುಕ್ರ, ಹುಲಿ ಮಂಗಳ ಎಂದು ಪಟ್ಟಿಮಾಡುವುದನ್ನು ಮಾತ್ರ ನಾವು ಒಪ್ಪಲಾರೆವು. ರಾಜಪೀಠಕ್ಕೆ ಪ್ರಾಣಿಗಳ ಆ ಸಾಲು ನಮ್ಮ ದೇವಾಲಯಗಳ ಅಧಿಷ್ಠಾನದ ಗಜಪಟ್ಟಿಕೆ, ಸಿಂಹಪಟ್ಟಿಕೆಗಳಿಂದಲೇ ಬರಬಹುದು. ಅದಕ್ಕೆ ಗ್ರಹಗಳ ಸಹಾಯ ಬೇಕಿಲ್ಲ.

ಇನ್ನು ಈ ಚಿತ್ರಗಳಿಗೆ ಇಂದು ಹೆಚ್ಚಾಗಿ ಹೊರಿಸುವ ಅರ್ಥದ ಮಾತು. ಪಾರಸೀ ಬರಹ, ಸೀರೆಯುಟ್ಟ ದೇವತೆ, ಸಂಸ್ಕೃತದ ಚಕ್ರ ಒಂದೇ ಗ್ರಂಥದಲ್ಲಿರುವುದರಿಂದ ಇಡೀ ಗ್ರಂಥವನ್ನೇ ಹಿಂದೂ–ಮುಸ್ಲಿಂ ಸಮನ್ವಯದ ಸಂಕೇತವೆಂದು ಕರೆಯುವುದು ವಾಡಿಕೆಯಾಗಿದೆ. ಭಾವನೆ ಒಳ್ಳೆಯದೇ. ಆದರೆ ೧೫೭೦ ಎಂಬ ವರ್ಷವನ್ನು ಲಕ್ಷಿಸಬೇಕು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯ ಹೆಸರನ್ನು ಇತಿಹಾಸದಲ್ಲಿ ನಿಲ್ಲಿಸಿದ ಯುದ್ಧ ನಡೆದದ್ದು ೧೫೬೫ರ ಜನವರಿಯಲ್ಲಿ. ಆ ಯುದ್ಧದಲ್ಲಿ ವಿಜಯನಗರದ ವಿರುದ್ಧ ನಿಂತ ಸುಲ್ತಾನರಲ್ಲಿ ಒಬ್ಬನಾದ ಅಲಿಯೇ ಐದು ವರ್ಷಗಳ ಅನಂತರ ಈ ಗ್ರಂಥದ ಒಡೆಯನಾಗಿದ್ದನು. ಸೀರೆಯುಟ್ಟ ಹೆಂಗಸರನ್ನು ಬರೆದವರು ಹಂಪೆಯಿಂದ ಓಡಿಬಂದ ಚಿತ್ರಕಾರರೆಂದು ಕೆಲವರು ಊಹಿಸಿದ್ದಾರೆ; ಲೇಪಾಕ್ಷಿಯ ಭಿತ್ತಿಚಿತ್ರಗಳೊಡನೆ ಹೋಲಿಕೆಯನ್ನು ಮುಂದಿಡುತ್ತಾರೆ. ಹೋಲಿಕೆಯಿಂದ ವಲಸೆಯನ್ನು ಸಾಧಿಸಲಾಗದು. ಒಂದೇ ನಾಡಿನ ಎರಡು ಊರುಗಳಲ್ಲಿ ಹೆಂಗಸರು ಒಂದೇ ರೀತಿಯಲ್ಲಿ ಸೀರೆ ಉಡುವುದಕ್ಕೆ ಯುದ್ಧವೇ ನಡೆಯಬೇಕಾಗಿಲ್ಲ.

ಸಮನ್ವಯವೆಂಬ ದೊಡ್ಡ ಮಾತಿಗಿಂತ ಒಂದು ಚಿಕ್ಕ ಸಂಗತಿ ಹೆಚ್ಚು ಬೆಲೆಯುಳ್ಳದು. ಅಲಿಯ ರಾಜಗ್ರಂಥಾಲಯದ ಅಧಿಕಾರಿಯು ಶೇಷ ವಾಮನ ಪಂಡಿತನೆಂಬ ಬ್ರಾಹ್ಮಣ ವಿದ್ವಾಂಸನಾಗಿದ್ದನೆಂಬುದನ್ನು ಪಿ. ಎಂ. ಜೋಷಿಯವರು ಎರಡು ರುಕ್ಕಾಗಳ ಆಧಾರದಿಂದ ತೋರಿಸಿಕೊಟ್ಟಿದ್ದಾರೆ. ಸಂಸ್ಕೃತದ ವಿದ್ಯೆ ಆ ಗ್ರಂಥಾಲಯಕ್ಕೆ ಅತಿಥಿಯಾಗಿ ಬಂದುದಲ್ಲ. ಅಲ್ಲಿ ಅದು ಸಂಬಳ ಪಡೆಯುತ್ತಿದ್ದಿತು. ಮೇಲಾಗಿ ಆನೆ, ಕುದುರೆ, ಆಯುಧ, ಶಕುನ, ವಿನೋದಗಳನ್ನೆಲ್ಲ ಒಂದೇ ಗ್ರಂಥದಲ್ಲಿ ಕೂಡಿಸಿ ದೊರೆಯ ಹೆಸರಿನಲ್ಲಿ ಹೊರತರುವ ಸಂಪ್ರದಾಯ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ ಇದೇ ಕೆಲಸವನ್ನು ನಾಲ್ಕೂವರೆ ಶತಮಾನಗಳಷ್ಟು ಹಿಂದೆ ಮಾಡಿದ್ದಿತು. ಕಲ್ಯಾಣದಿಂದ ಬಿಜಾಪುರಕ್ಕಿರುವ ದಾರಿ ಪಾರಸೀಕ ದೇಶದಿಂದ ಬಿಜಾಪುರಕ್ಕಿರುವ ದಾರಿಗಿಂತ ಬಹಳ ಹತ್ತಿರದ್ದು. ಎರಡು ಗ್ರಂಥಗಳನ್ನೂ ಪ್ರಕರಣ ಪ್ರಕರಣವಾಗಿ ತಾಳೆನೋಡಿದರೆ ಸಮನ್ವಯವೆಂಬ ಶಬ್ದವು ಮುಚ್ಚಿಡುವ ಎಷ್ಟೋ ವಿವರಗಳು ಹೊರಬೀಳುವುದರಲ್ಲಿ ಸಂದೇಹವಿಲ್ಲ.

ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಸುವವರಿಗೆ ಒಂದು ತೊಂದರೆಯುಂಟು. ಪಠ್ಯಪುಸ್ತಕವು ಸಿಂಹಾಸನದ ಒಂದು ಚಿತ್ರವನ್ನು ಅಚ್ಚುಹಾಕಿ, ಅದರ ಸುತ್ತಲಿನ ಬರಹವನ್ನು ಕತ್ತರಿಸಿ, ಕೆಳಗೆ ಎರಡು ಸಾಲು ಶೈಲೀವರ್ಣನೆ ಕೊಡುತ್ತದೆ. ಬರಹವಿಲ್ಲದ ಚಿತ್ರ ಕೈಗೆ ಬಂದಾಗ ವಿದ್ಯಾರ್ಥಿಯು ಗೂಢಾರ್ಥವನ್ನು ಊಹಿಸದೆ ಇನ್ನೇನು ಮಾಡಬೇಕು? ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತವೆ. ಇದಕ್ಕೆ ಬದಲಾಗಿ ಮೊದಲ ತರಗತಿಯಲ್ಲಿ ‘ಬೃಹಜ್ಜಾತಕ’ದ ಮೂವತ್ತಾರು ದ್ರೇಕ್ಕಾಣಗಳ ವರ್ಣನೆಯನ್ನು ಕನ್ನಡ ಅರ್ಥದೊಡನೆ ಓದಿಸಿ, ಎರಡನೆಯ ತರಗತಿಯಲ್ಲಿ ರಾಶ್ಯಂಶಗಳ ಚಿತ್ರಗಳನ್ನು ಮುಂದಿಟ್ಟು, ಯಾವ ರೂಪಕ್ಕೆ ಯಾವ ವರ್ಣನೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ ಎಂದು ವಿದ್ಯಾರ್ಥಿಗಳಿಂದಲೇ ಬರೆಯಿಸಬಹುದು. ಹತ್ತದೆ ಉಳಿದವುಗಳಿಗೆ ಅಬೂ ಮಅಶರನ ಪಾರಸೀಕ ಮತ್ತು ಗ್ರೀಕ್ ಪಟ್ಟಿಗಳನ್ನು ನೋಡಬೇಕು. ಅಲ್ಲಿಯೂ ಸಿಗದವು ಬಿಜಾಪುರದವು. ಅವುಗಳ ಉಡುಪನ್ನೂ ಆಯುಧವನ್ನೂ ಅದೇ ಗ್ರಂಥದ ಆಯುಧಪ್ರಕರಣದ ಚಿತ್ರಗಳೊಡನೆ ಹೋಲಿಸಿ ನೋಡುವುದರಿಂದ ಕೆಲಸವನ್ನು ಪ್ರಾರಂಭಿಸಬಹುದು.